ತಂಪಿನ ಪಾಲು

ಮಳೆಗಾಲದ ಕೊನೆಯ ಸೋಣೆ ತಿಂಗಳು ಕಾಲಿಟ್ಟಿತ್ತು. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಒಂದು ಗಳಿಗೆ ಬಿಸಿಲು, ಮರುಗಳಿಗೆ ತುಂತುರು. ಹೊಳೆ ತಂದು ಸುರಿದ ಕೆಂಪು ನೀರು ಮರಳಕೋಡಿಯ ಕಡಲಂಚಿನಲ್ಲಿ ಆಗಷ್ಟೇ ತಿಳಿಯಾಗತೊಡಗಿತ್ತು. ಅಂಥದೊಂದು ಬೆಳಿಗ್ಗೆ, ಮೀನುಗಾರರ ಮುಂದಾಳು ಕುಷ್ಟ ತಾಂಡೇಲರ ಕೈರಂಪಣಿ ಬಲೆ ನೀರಿಗಿಳಿದಿತ್ತು. ದೋಣಿ ಹಗ್ಗದ ಒಂದು ತುದಿಯನ್ನು ದಂಡೆಯವರ ಕೈಗೆ ಕೊಟ್ಟು, ಬಲೆಯನ್ನು ಅರ್ಧಚಂದ್ರದ ಹಾಗೆ ಬಿಡುತ್ತ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡ ಮುಟ್ಟಿಸಿತ್ತು. ಎರಡು ತುದಿಗೂ ಜನ ಸಾಲುಗಟ್ಟಿ ನಿಂತು, ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆಯುತ್ತಿದ್ದರು. ಮರಳು ಮೆತ್ತಿದ ಒದ್ದೆ ಹಗ್ಗ ಅಂಗೈಯನ್ನು ತುರಿಮಣೆಯ ಹಾಗೆ ತುರಿಯುತ್ತಿತ್ತು.

ಕುಷ್ಟ ತಾಂಡೇಲರ ಸೊಸೆ ಜಲಜ ಬಡಗಣ ಹಗ್ಗದಲ್ಲಿದ್ದಳು. ಅವಳಿಗೆ ಅಂದು ಬಂದರಿನ ಕೆಲಸಕ್ಕೆ ರಜೆ. ಅವಳ ಮುಂದೆ ತೆಂಕಕೇರಿಯ ಅಕ್ಕಣಿ. ಮುದುಕಿಗೆ ಎಪ್ಪತ್ತು ದಾಟಿದ್ದರೂ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಹಿಮ್ಮಡಿಯನ್ನು ಮರಳಿಗೆ ಊರಿ ನಿಂತ ಠೀವಿ ನೋಡಿದರೆ ಹಗ್ಗವೇ ಅವಳನ್ನು ಕಂಡು ಹೆದರಬೇಕು.

"ಹ್ವಾಯ್ ಜಲಜಾ, ಎಳೂದಾರೆ ಎಳಿ. ಹಗ್ಗ ಸವರ್ಕಂಡ್ ನಿಂತ್ರೆ ಬಲೆ ಬತ್ತಿಲ್ಲ," ಎಂದಳು ಹಿಂದಿರುಗಿ ನೋಡದೆ.

"ಎಳೀತಾ ಇದ್ದೆ ಅಲ್ದಾ ದೊಡ್ಡಮ್ಮ."

"ಕುರ್ಚಿ ಮೇಲ್ ಕೂತ್ಕಂಡ್ ಗುಂಡಿ ಒತ್ತೂ ಕೈ ಅದ್. ನಂಗೊತ್ತಿಲ್ಯಾ?"

ಸಾಲಿನಲ್ಲಿ ನಗೆ ಹರಿಯಿತು. ಜಲಜಳೂ ನಕ್ಕಳು. ನಕ್ಕರೂ ಕೈ ಬಿಡಲಿಲ್ಲ. ಕೈರಂಪಣಿಯ ಕಟ್ಟಳೆ ಹಾಗಿತ್ತು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲುಂಟು. ಯಾವ ಊರು, ಯಾರ ಮನೆ ಎಂದು ಕೇಳುವ ಹಾಗಿಲ್ಲ. ಆದರೆ ಒಮ್ಮೆ ಹಚ್ಚಿದ ಕೈಯನ್ನು ಬಲೆ ದಡ ಸೇರುವ ತನಕ ತೆಗೆಯುವಂತಿಲ್ಲ. ಹಿಡಿದ ಮೀನನ್ನು ಬಿಡುವುದಾದರೆ ಬಲೆಯ ಯಜಮಾನನೊಬ್ಬನ ಮಾತು ಸಾಲದು, ಎಳೆದವರೆಲ್ಲ ಒಪ್ಪಬೇಕು.

ಈ ಕಟ್ಟಳೆಯನ್ನು ಊರಿನ ಎಳೆಯರು ಕೇಳಿ ತಿಳಿದಿದ್ದರೇ ಹೊರತು ಕಂಡಿರಲಿಲ್ಲ. ಕಡಲು ವರ್ಷದಿಂದ ವರ್ಷಕ್ಕೆ ಬೆಚ್ಚಗಾಗುತ್ತ, ಕೊನೆಗೆ ಮೈ ತೊಳೆಯಲು ಕಾಸಿಟ್ಟ ನೀರಿನ ಹಾಗಾಗಿ, ಬೂತಾಯಿ ಎಂದೂ ಕರೆಯುವ ಬೈಗೆ ಮೀನು ಈ ದಂಡೆಯನ್ನೇ ಮರೆತಿತ್ತು. ಬೈಗೆಯಿಲ್ಲದ ಮೇಲೆ ಕೈರಂಪಣಿ ಏಕೆ? ಕುಷ್ಟ ತಾಂಡೇಲರ ಬಲೆ ಅಟ್ಟ ಸೇರಿತ್ತು. ಅದು ಮತ್ತೆ ಕೆಳಗಿಳಿದದ್ದು ಬಂದರಿನ ತಂಪಿನಿಂದ.

ಮರಳಕೋಡಿಯ ಬಡಗಕ್ಕೆ, ಕಣ್ಣಳತೆಯಲ್ಲೇ ಬಂದರು. ಮೊದಲೆಲ್ಲ ದೊಡ್ಡ ಹಡಗುಗಳು ಡಾಂಬರಿನಂಥ ಕರಿ ಎಣ್ಣೆ ಸುಡುತ್ತ ಹೋಗುತ್ತಿದ್ದವು. ಬಾನಂಚಿನಲ್ಲಿ ಹೊಗೆಯ ಗೀಟು ಕಂಡ ಕೆಲವು ದಿನಕ್ಕೆ ದಂಡೆಯ ಮೇಲೆ ಕರಿ ಉಂಡೆಗಳು ಬಂದು ಬೀಳುತ್ತಿದ್ದವು. ಮಕ್ಕಳ ಅಂಗಾಲಿಗೆ ಮೆತ್ತಿದರೆ ಸೀಮೆಎಣ್ಣೆ ಹಾಕಿ ಉಜ್ಜಬೇಕಿತ್ತು. ಆಮೇಲೆ ಹಡಗುಗಳು ಒಂದೊಂದಾಗಿ ದ್ರವ ಅನಿಲಕ್ಕೆ ತಿರುಗಿದವು. ಮೊದಮೊದಲು ಅಪರೂಪಕ್ಕೊಂದು, ಈಗ ಅನಿಲ ತುಂಬಿಸಿಕೊಳ್ಳಲು ಸರದಿ ಕಾದು ಲಂಗರು ಹಾಕಿ ನಿಂತವೇ ನಾಲ್ಕಾರು.

ನೆಲದಡಿಯ ಅನಿಲವನ್ನು ಸೊನ್ನೆಗಿಂತ ನೂರರವತ್ತೆರಡು ಡಿಗ್ರಿ ಕೆಳಗೆ ತಣಿಸಿದರೆ ಅದು ನೀರಿನ ಹಾಗಾಗುತ್ತದೆ. ಆರುನೂರು ಕೊಡದಷ್ಟು ಅನಿಲ ಒಂದೇ ಕೊಡದಲ್ಲಿ ಮುದುರಿ ಕೂರುತ್ತದೆ. ಆದರೆ ಉರಿಯಬೇಕಾದರೆ ಅದು ಮತ್ತೆ ಬೆಚ್ಚಗಾಗಿ ಹರಡಿಕೊಳ್ಳಬೇಕು. ಬಂದರಿನ ವಿದ್ಯುತ್ತಿಗೆ, ಪಟ್ಟಣದ ಒಲೆಗಳಿಗೆ, ಕಟ್ಟೆಯಲ್ಲಿ ನಿಂತ ಹಡಗುಗಳ ಯಂತ್ರಕ್ಕೆ ಅನಿಲ ಬೇಕಾದಾಗಲೆಲ್ಲ ಕಡಲ ನೀರನ್ನು ಹೀರಿ, ಕೊಳವೆಗಳ ಮೇಲೆ ಹರಿಸಿ, ನೀರಿನ ಬಿಸಿಯನ್ನು ಅನಿಲಕ್ಕೆ ಕೊಡುತ್ತಿದ್ದರು. ಬಿಸಿ ಕೊಟ್ಟ ನೀರು ತಣ್ಣಗಾಗಿ ಹೊರಬೀಳುತ್ತಿತ್ತು. ಜಗತ್ತಿನ ಬಂದರುಗಳಲ್ಲಿ ಆ ತಂಪನ್ನು ಹೆಚ್ಚಾಗಿ ಚೆಲ್ಲಿಬಿಡುವುದೇ ರೂಢಿ. ಚೆಲ್ಲುವ ಬದಲು ಬಡಿಸಿದರೆ ಹೇಗೆ? ಹೀಗೊಂದು ಯೋಚನೆ ಬಂದರಿನ ಮುಖ್ಯ ಎಂಜಿನಿಯರ್ ಇನಾಯತ್ ಅವರಿಗೆ ಬಂತು. ಅವರು ಭಟ್ಕಳದವರು, ಬೈಗೆಯ ರುಚಿ ಬಲ್ಲವರು. ಕಡಲ ತಳದಲ್ಲಿ ದಂಡೆಯುದ್ದಕ್ಕೂ ಒಂದು ಕೊಳವೆ ಹಾಸಿ, ಅದಕ್ಕೆ ಸಾಸಿವೆ ಕಾಳಿನಂಥ ತೂತು ಕೊರೆದು, ತಣ್ಣೀರನ್ನು ಅಲ್ಲಿಂದ ಸಣ್ಣಗೆ ಒಸರುವ ಹಾಗೆ ಮಾಡಿದರು. ಬಂದರಿನವರು ಅದನ್ನು ಶೀತರೇಖೆ ಎಂದು ಕರೆದರು. ಊರವರು ಬರೀ 'ತಂಪು' ಎಂದರು.

ಮೂರನೆಯ ಮಳೆಗಾಲ ಕಳೆಯುವಾಗ ಬೈಗೆ ಬಂತು.

ಬಂದದ್ದು ಎಷ್ಟು ಎಂದು ಈಗ ಬಲೆ ಹೇಳುತ್ತಿತ್ತು. ಅದು ಸೊಂಟಮಟ್ಟದ ನೀರಿಗೆ ಬಂದು ನಿಂತುಬಿಟ್ಟಿತು. ಎರಡು ಸಾಲಿನವರೂ ಮೈಯೆಲ್ಲ ಹಗ್ಗಕ್ಕೆ ತೂಗಿ ಬಿದ್ದರೂ ಜಗ್ಗಲಿಲ್ಲ. ಬಲೆಯೊಳಗಿನ ನೀರು ಕುದಿಯುವ ಗಂಜಿಯ ಹಾಗೆ ಮುಗುಚುತ್ತಿತ್ತು. ಕುಷ್ಟ ತಾಂಡೇಲರು ನೀರಿಗಿಳಿದು, ಬಲೆಯೊಳಗೆ ಕೈ ಅದ್ದಿ, ಎದೆಯವರೆಗೂ ಬೆಳ್ಳಿಯ ಹುರುಪೆ ಅಂಟಿಸಿಕೊಂಡು ಮೇಲೆ ಬಂದರು. ಅವರ ಮುಖದಲ್ಲಿದ್ದದ್ದು ಸಂತೋಷವೋ ಭಯವೋ ಜಲಜಳಿಗೆ ತಿಳಿಯಲಿಲ್ಲ.

"ಎಳೂದ್ ಬ್ಯಾಡ. ಎಳ್ದ್ರೆ ಬಲೆ ಹರಿತ್ತ್," ಎಂದರು. "ನನ್ ಅಪ್ಪಯ್ಯನ್ ಕಾಲದಂಗೆ ಕಟ್ಟಿ ಹಾಕ್ವ. ನೀರಲ್ಲೇ ಇರ್ಲಿ. ದಿನಾ ಬೇಕಾದಷ್ಟ್ ತೆಕ್ಕಂಬ."

ಹಿಂದೆಲ್ಲ ಹಾಗೆ ಮಾಡುತ್ತಿದ್ದರು. ಹೊರಲಾರದಷ್ಟು ಮೀನು ಬಿದ್ದರೆ ಬಲೆಯ ಸುತ್ತ ಇನ್ನೊಂದು ಬಲೆ ಕಟ್ಟಿ, ಕಡಲಲ್ಲೇ ಕೊಟ್ಟಿಗೆ ಮಾಡಿ, ಮೀನನ್ನು ಜೀವಂತ ಇಟ್ಟುಕೊಳ್ಳುತ್ತಿದ್ದರು. ಮಾವ ಸೊಸೆಯ ಕಡೆ ತಿರುಗಿದರು.

"ಮಗಾ, ನೀರ್ ಹೆಚ್ಚ್ ತಣ್ಣಗಿಪ್ಪುದ್ ಎಲ್ಲಿ? ತಣ್ಣಗಿದ್ರೆ ಮೀನ್ ಬೇಗ ಸಾಯುದಿಲ್ಲ."

"ಬಂದರಿನ ಕಟ್ಟೆ ಬದಿಯಂಗೆ ಮಾವಯ್ಯ. ತಂಪು ಶುರುವಾಪುದೇ ಅಲ್ಲಿಂದ," ಎಂದಳು ಜಲಜ. ಕೇಳಿದ್ದಕ್ಕೆ ಗೊತ್ತಿದ್ದದ್ದನ್ನು ಹೇಳಿದಳು, ಅಷ್ಟೆ. ಅದೇ ಕಟ್ಟೆಯ ಬುಡದಲ್ಲಿ ಬಂದರು ನೀರು ಹೀರುವ ಬಾಯಿಯೂ ಇದೆ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆ ಹೊತ್ತಿಗೆ, ಆ ಹುಮ್ಮಸ್ಸಿನಲ್ಲಿ, ನೆನಪಾಗಲಿಲ್ಲ.

ದೋಣಿಗಳು ಬಲೆಯನ್ನು ಮೀನಿನ ಸಮೇತ ಮೆಲ್ಲ ಮೆಲ್ಲ ಬಡಗಕ್ಕೆ ನಡೆಸಿಕೊಂಡು ಹೋದವು. ಹಸು ಹೊಡೆದುಕೊಂಡು ಹೋದ ಹಾಗೆ.

*

ಸಂಜೆ ಜಲಜಳ ಅತ್ತೆ, ಬಾಗಿ ಎಂಬಾಕೆ, ಕಾಯಿ ಅರೆಯುತ್ತಿದ್ದಳು. ಜಲಜ ಮೆಟ್ಟುಕತ್ತಿಯಲ್ಲಿ ಬೈಗೆಯ ತಲೆ ತೆಗೆಯುತ್ತಿದ್ದಳು. ಮೀನು ಎಷ್ಟು ಕೊಬ್ಬಿತ್ತೆಂದರೆ ಬೆರಳುಗಳು ತುಪ್ಪ ಮುಟ್ಟಿದ ಹಾಗೆ ಜಾರುತ್ತಿದ್ದವು.

"ಅಕ್ಕಣಿ ಹೋತಾ ಎಂತ ಹೇಳ್ತ್ ಗೊತ್ತಿತ್ತಾ?" ಎಂದಳು ಬಾಗಿ. "'ನಿನ್ ಸೊಸೆ ಕಡ್ಲಿಗೆ ಐಸ್ ಹಾಕ್ತಾಳಂಬ್ರಲ್ಲ, ನಮ್ಮನೆ ಹಂಡೆಗೂ ಒಂಚೂರ್ ಹಾಕ್ಸ್' ಅಂತ್."

"ನೀವೆಂತ ಹೇಳಿದ್ರಿ?"

"ನಾ ಕೈಯಾರೆ ಮುಟ್ಟಿ ಬಂದಿದ್ದೆ, ತಮಾಷಿ ಅಲ್ಲ ಅದ್ ಅಂದೆ."

ಬಾಗಿ ಅದನ್ನು ಇನ್ನೂ ಮರೆತಿರಲಿಲ್ಲ. ಬಂದರಿನವರು ಊರವರಿಗೆ ತೋರಿಸಲೆಂದು ಒಮ್ಮೆ ಗೇಟು ತೆರೆದಿದ್ದರು. ಬೆವರು ಹರಿಯುವ ಸೆಕೆಯಲ್ಲಿ, ತೆಂಗಿನ ಮರದಷ್ಟು ಉದ್ದದ ಕೊಳವೆಯೊಂದು ಮೈತುಂಬ ಬಿಳಿ ಹೊದ್ದು ಮಲಗಿತ್ತು. ಬೂಷ್ಟು ಹಿಡಿದದ್ದಿರಬೇಕು ಎಂದುಕೊಂಡು ಬಾಗಿ ಅಂಚಿನಿಂದ ಉದುರಿದ ಒಂದು ಹರಳನ್ನು ಹೆಕ್ಕಿದಳು. ಅದು ಬೆರಳನ್ನು ಕಚ್ಚಿತು, ಮರುಗಳಿಗೆಯಲ್ಲಿ ನೀರಾಗಿ ಹೋಯಿತು. ಕೊಳವೆಯ ಬಳಿ ಬಂದ ಗಾಳಿಯ ತೇವವೇ ಹೆಪ್ಪುಗಟ್ಟಿ ಹೂವಿನ ಎಸಳಾಗುವುದನ್ನು ಅವಳು ನಿಂತಲ್ಲೇ ನಿಂತು ನೋಡಿದ್ದಳು.

"ಆ ಮುದ್ಕಿಗೆ ಎಂತ ಗೊತ್ತ್," ಎಂದು ಬಾಗಿ ಅರೆಯುವುದನ್ನು ನಿಲ್ಲಿಸಿದಳು. "ಅಲ್ದಾ ಹೆಣೆ, ತಂಪು ಇನ್ ಮೇಲೆ ನಿಲ್ಲೂದಿಲ್ಲ ಅಲ್ದಾ?"

ಜಲಜಳ ಕೈ ತಡೆಯಿತು. ಊರವರಿಗೆ ತಂಪು ಎಂದರೆ ಬಂದ ಮಳೆ, ಹರಿದ ಹೊಳೆ. ಅದು ಒಂದು ಕರಾರಿನ ಮೇಲೆ ನಿಂತದ್ದೆಂದು ಅವರಿಗೆ ಅಷ್ಟಾಗಿ ತಲೆಗೆ ಹತ್ತಿರಲಿಲ್ಲ. ಬಂದರಿನ ಒಡೆಯರು ಇನಾಯತ್ ಅವರಿಗೆ ಒಪ್ಪಿಗೆ ಕೊಡುವಾಗಲೇ ಹೇಳಿದ್ದರು: ಇದು ಪ್ರಯೋಗ. ಶೀತರೇಖೆಯಿಂದಾಗಲಿ, ಅದು ತಂದ ಮೀನಿನಿಂದಾಗಲಿ ಬಂದರಿನ ಯಂತ್ರ ಒಂದೇ ಒಂದು ಸಲ ನಿಂತರೂ ರೇಖೆ ಮುಚ್ಚತಕ್ಕದ್ದು, ಕೊಳವೆ ಕೀಳತಕ್ಕದ್ದು. ಎರಡನೆಯ ಮಾತಿಲ್ಲ.

"ಎಲ್ಲ ಸರಿ ಇದ್ರೆ ನಿಲ್ಲೂದಿಲ್ಲ ಅತ್ತೆ," ಎಂದಳು.

"ಇನಾಯತ್ ಸಾಯ್ಬ್ರ್ ಗಟ್ಟಿ ಮನ್ಷ."

"ಗಟ್ಟಿಯೇ. ಆದ್ರೆ ಅವ್ರೇ ಹೇಳ್ತ್ರ್, ಈ ಅನಿಲ ಸಾಧು ಅಲ್ಲ ಅಂದೇಳಿ. ಸುಟ್ರೆ ಹೊಗೆ ಕಮ್ಮಿ; ಆದ್ರೆ ಸುಡ್ದೆ ಸೋರಿ ಹೋದ್ರೆ ಭೂಮಿಯನ್ನ ಇನ್ನೂ ಕಾಯಿಸ್ತಂಬ್ರ್. 'ಕಡಲು ಕಾಯಿಸಿದವರಲ್ಲಿ ನಾವೂ ಇದ್ದೇವೆ, ಸ್ವಲ್ಪ ತಣಿಸುವುದಾದರೂ ಮಾಡೋಣ' ಅಂತ್ರ್."

ಬಾಗಿ ಅದನ್ನು ಒಂದು ಗಳಿಗೆ ಯೋಚಿಸಿದಳು. "ಹಂಗಾರೆ ಸಾಯ್ಬ್ರ್ ಹೊಟ್ಟೆಗೂ ಎರಡ್ ಬೈಗೆ ಹಾಕ್ಕಂಡ್ ಹೋಗ್," ಎಂದು ಮತ್ತೆ ಅರೆಯತೊಡಗಿದಳು.

*

ಮರುದಿನ ಬೆಳಗಿನ ಪಾಳಿ. ನಿಯಂತ್ರಣ ಕೊಠಡಿಯ ದೊಡ್ಡ ಗಾಜಿನಾಚೆ ಕಟ್ಟೆ, ಕಟ್ಟೆಗೆ ಒತ್ತಿ ನಿಂತ ಹಡಗು. ಅದರ ಪೆಟ್ಟಿಗೆಗಳ ಸಾಲು ನೋಡಲು ಕತ್ತು ಎತ್ತಬೇಕು. ಕುಷ್ಟ ತಾಂಡೇಲರ ಕೇರಿಯನ್ನೇ ತಂದು ಅದರ ಮೇಲಿಟ್ಟರೆ ಒಂದು ಮೂಲೆಗೂ ಸಾಲದು. ಹಡಗಿನ ಹೊಟ್ಟೆಗೆ ದ್ರವ ಅನಿಲ ಹರಿಯುತ್ತಿತ್ತು. ಬಿಳಿ ಹೊದ್ದ ತೋಳಿನಂಥ ಕೊಳವೆ ಕಟ್ಟೆಯಿಂದ ಎದ್ದು ಹಡಗನ್ನು ಮುಟ್ಟಿತ್ತು.

ಕೆಳಗೆ ನೀರಿನ ಮೇಲೆ ಮಂಜು. ಈ ಸೀಮೆಯವರು ಹಿಂದೆಂದೂ ಕಾಣದ ಸೋಜಿಗ ಅದು. ಮಳೆಗಾಲದ ಒದ್ದೆ ಗಾಳಿ ತಂಪು ಒಸರಿದ ನೀರನ್ನು ಮುಟ್ಟಿದಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿಯಾಗಿ, ಆಳೆತ್ತರ ನಿಂತು, ಬಿಸಿಲಿಗೂ ಕರಗದೆ ದಂಡೆಯುದ್ದಕ್ಕೂ ಹರಿದುಹೋಗುತ್ತಿತ್ತು. ಆ ಮಂಜಿನಲ್ಲಿ ಎಲ್ಲೋ ಮಾವನವರ ಮೀನಿನ ಕೊಟ್ಟಿಗೆ ಇತ್ತು.

ಕಡಲ ತಳದಿಂದ ಸದ್ದು ಕಳಿಸಿ ಮೀನು ತೋರಿಸುವ ಪರದೆಯೊಂದು ಜಲಜಳ ಎಡಕ್ಕಿತ್ತು. ಅವಳು ಅದನ್ನು ನೋಡಿ, ಕಣ್ಣುಜ್ಜಿ, ಮತ್ತೆ ನೋಡಿದಳು. ದಂಡೆಯ ಗೆರೆಯಿಂದ ಪರದೆಯ ಅಂಚಿನವರೆಗೂ ಒಂದೇ ಬಣ್ಣ. ತಂಪಿನ ಮೇಲೆ ಬೈಗೆಯ ಹಿಂಡು ಹಾಸಿಕೊಂಡು ಮಲಗಿತ್ತು. ಊರವರು ಹಿಡಿದದ್ದು ಅದರ ಮುಂದೆ ಒಂದು ಬೊಗಸೆ.

"ಸರ್, ಇದನ್ನ ನೋಡಿ," ಎಂದಳು.

ಇನಾಯತ್ ಕುರ್ಚಿ ತಳ್ಳಿಕೊಂಡು ಬಂದರು. ನರೆತ ಗಡ್ಡದ, ಮೆಲುಮಾತಿನ ಮನುಷ್ಯ. ಪರದೆಯ ಮುಂದೆ ಕೈಕಟ್ಟಿ ನಿಂತರು.

"ನಾನು ಲೆಕ್ಕ ಹಾಕುವಾಗ ಇಷ್ಟು ಹಾಕಿರಲಿಲ್ಲ," ಎಂದರು. ಆಮೇಲೆ ದನಿ ಇಳಿಸಿ, "ಲೆಕ್ಕ ಹಾಕುವ ಧೈರ್ಯವೂ ಆಗುತ್ತಿರಲಿಲ್ಲ ಬಿಡಿ," ಎಂದರು.

ಅವರಿಬ್ಬರೂ ಹಾಗೆ ನಿಂತಿದ್ದಾಗಲೇ ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು. ಹೀರುವ ನೀರು ಕಡಿಮೆಯಾಗುತ್ತಿತ್ತು. ಉಬ್ಬರ ಮುಗಿದು ಇಳಿತ ಶುರುವಾದ ಹೊತ್ತು. ಜಲಜ ಪಂಪಿನ ವೇಗ ಏರಿಸಿದಳು. ನೀರು ಏರುವ ಬದಲು ಇನ್ನೂ ಇಳಿಯಿತು. ಕಟ್ಟೆಯ ಬುಡದ ಕ್ಯಾಮೆರಾ ತೆರೆದಳು. ಹೀರುಬಾಯಿಯ ಕಬ್ಬಿಣದ ಜಾಲರಿ ಕಾಣಬೇಕಾದಲ್ಲಿ ಕಂಡದ್ದು ಬಲೆಯ ಕಣ್ಣು, ಕಣ್ಣಿನಾಚೆ ಒತ್ತೊತ್ತಾಗಿ ಮಿಡಿಯುವ ಮೀನು.

ಇಳಿತದ ಸೆಳೆತಕ್ಕೆ ಕೊಟ್ಟಿಗೆ ಸರಿದು, ಹೀರುವ ನೀರು ಅದನ್ನು ತನ್ನ ಕಡೆ ಎಳೆದು, ಮೀನು ತುಂಬಿದ ಬಲೆ ಜಾಲರಿಗೆ ಅಂಟಿ ಕೂತಿತ್ತು. ಬಾಯಿಗೆ ಬಟ್ಟೆ ಒತ್ತಿದ ಹಾಗೆ. ಪಂಪಿನ ವೇಗ ಏರಿಸಿದಷ್ಟೂ ಅದು ಇನ್ನಷ್ಟು ಒತ್ತಿಕೊಳ್ಳುತ್ತಿತ್ತು.

"ನಮ್ಮ ಮಾವನವರ ಬಲೆ," ಎಂದಳು. "ಅಲ್ಲಿ ತಣ್ಣಗಿರ್ತದೆ ಅಂತ ನಾನೇ ಹೇಳಿದ್ದು ಸರ್."

ಇನಾಯತ್ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ. ಅವರು ಪಂಪಿನ ವೇಗ ತಗ್ಗಿಸಿದರು, ಅನಿಲದ ಹರಿವನ್ನೂ ತಗ್ಗಿಸಿದರು. ನೀರಿನ ಹರಿವು ತೋರಿಸುವ ಸೂಜಿ ಕೆಂಪು ಗೆರೆಗಿಂತ ಕೂದಲೆಳೆಯಷ್ಟೇ ಮೇಲೆ ನಡುಗುತ್ತ ನಿಂತಿತು.

"ಪಂಪು ನಿಲ್ಲಿಸಿದರೆ ಬಲೆ ತಾನಾಗಿಯೇ ಕಳಚಿಕೊಳ್ಳುತ್ತದೆ," ಎಂದರು. "ಆದರೆ ಪಂಪು ನಿಂತರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತರೆ ರೇಖೆ ಹೋಯಿತು. ನಿಮಗೆ ಗೊತ್ತೇ ಇದೆ."

"ಗೊತ್ತಿದೆ."

"ನಾನು ಹಿಡಿದುಕೊಂಡಿರುತ್ತೇನೆ. ಆದರೆ ಸೂಜಿ ಕೆಂಪು ಮುಟ್ಟಿದರೆ ನಾನೇ ನಿಲ್ಲಿಸುತ್ತೇನೆ ಜಲಜಾ. ನೀರು ಕೊಳವೆಗಳ ಮೇಲೆ ಗಡ್ಡೆಗಟ್ಟಿ, ಅವು ಒಡೆದು ಅನಿಲ ಸೋರಿದರೆ ಆಮೇಲೆ ಮೀನು ಮಾತ್ರ ಅಲ್ಲ, ಆ ಹಡಗಿನಲ್ಲಿ ಜನ ಇದ್ದಾರೆ. ನೀವು ಹೋಗಿ. ಬಲೆ ಬಿಡಿಸಿ. ನಾನು ಹೋದರೆ ಅವರು ಮಾತಿಗೆ ಕೂರುತ್ತಾರೆ. ನೀವು ಹೋದರೆ ಕೇಳಿಯಾರು."

ಜಲಜ ಓಡಿದಳು.

*

ದಂಡೆಯಲ್ಲಿ ಜನ ಆಗಲೇ ಬುಟ್ಟಿ ಹಿಡಿದು ಸೇರಿದ್ದರು. ಅಂದಿನ ಪಾಲಿಗೆ ಬಂದವರು. ಬಲೆಯ ಹಗ್ಗಗಳನ್ನು ದಡದ ಮರದ ಗೂಟಗಳಿಗೆ ಸುತ್ತಿದ್ದರು. ಕುಷ್ಟ ತಾಂಡೇಲರು ಮಂಜಿನೊಳಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು. ಬಲೆ ಸರಿದದ್ದು ಅವರಿಗೂ ಹಗ್ಗದ ಬಿಗಿತದಿಂದ ಗೊತ್ತಾಗಿತ್ತು, ಎತ್ತ ಸರಿಯಿತೆಂದು ಗೊತ್ತಾಗಿರಲಿಲ್ಲ.

ಜಲಜ ಏದುಸಿರಿನಲ್ಲಿ ನಡೆದದ್ದನ್ನೂ, ಯಂತ್ರ ನಿಂತರೆ ತಂಪನ್ನೇ ಮುಚ್ಚಿಬಿಡುತ್ತಾರೆಂಬುದನ್ನೂ ಹೇಳಿದಳು. "ಮೀನ್ ತುಂಬಿದ್ ಬಲೆ ಅಲ್ಲಿಂದ ಬತ್ತಿಲ್ಲ ಮಾವಯ್ಯ. ಮೀನ್ ಬಿಟ್ಟ್, ಖಾಲಿ ಬಲೆ ಎಳೀಕ್. ಈಗ್ಲೇ."

"ಎಲ್ಲಾ ಮೀನಾ?"

"ಎಲ್ಲಾ."

ಯಾರೋ ಬುಟ್ಟಿ ನೆಲಕ್ಕೆ ಕುಕ್ಕಿದರು. ಮಾವ ಒಮ್ಮೆ ಕಡಲು ನೋಡಿದರು, ಒಮ್ಮೆ ಜನರನ್ನು ನೋಡಿದರು. "ನಾನೊಬ್ನೇ ಹೇಳೂದಲ್ಲ ಅದ್," ಎಂದರು. "ಕೈ ಹಚ್ಚಿದವ್ರೆಲ್ಲ ಹೇಳ್ಕ್."

ಒಬ್ಬೊಬ್ಬರು ಒಪ್ಪಿದರು, ಕೆಲವರು ಬಾಯಿಂದ, ಕೆಲವರು ತಲೆಯಾಡಿಸಿ, ಕೆಲವರು ಬೈಯುತ್ತ. ಕೊನೆಗೆ ಉಳಿದವಳು ಅಕ್ಕಣಿ. ಅವಳು ಬಡಗಣ ಹಗ್ಗದ ಗೂಟಕ್ಕೆ ಬೆನ್ನು ಕೊಟ್ಟು ಮರಳ ಮೇಲೆ ಕೂತುಬಿಟ್ಟಿದ್ದಳು.

"ಕುಷ್ಟ, ಇಷ್ಟ್ ಬೈಗೆ ನಾ ಕಂಡದ್ದ್ ನನ್ ಮದ್ವಿ ಆದ್ ವರ್ಷ," ಎಂದಳು. "ಈಗ ನಿನ್ ಸೊಸೆ ಓಡ್ಕಂಡ್ ಬಂದ್ ಬಿಡಿ ಅಂದ್ರೆ ಬಿಡೂದಾ? ನನ್ ಪಾಲ್ ಎಲ್ಲಿತ್ತ್?"

"ದೊಡ್ಡಮ್ಮ, ಈ ಮೀನ್ ಹೋದ್ರೆ ಮತ್ ಬಪ್ಪುಕಾತ್ತ್. ತಂಪೇ ಹೋದ್ರೆ ಬತ್ತಿಲ್ಲ," ಎಂದಳು ಜಲಜ.

"ಮತ್ತೆ ಬತ್ತ್ ಅಂದೇಳಿ ನಿಂಗ್ ಹೇಳಿತಾ ಮೀನ್?"

ಜಲಜಳ ಬಾಯಿಗೆ ಹೌದು ಎಂಬ ಮಾತು ಬಂತು. ಪರದೆಯ ಮೇಲೆ ಕಂಡದ್ದನ್ನು ಹೇಳಿ ನಂಬಿಸಬಹುದಿತ್ತು. ಆದರೆ ಅಷ್ಟು ಮೀನು ನಾಳೆ ಇರುತ್ತದೆಯೇ, ಬರುವ ವರ್ಷ ಬರುತ್ತದೆಯೇ, ಅದನ್ನು ಯಾವ ಪರದೆಯೂ ತೋರಿಸಿರಲಿಲ್ಲ.

"ಇಲ್ಲ," ಎಂದಳು. "ನಂಗ್ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಅಕ್ಕಣಿ ಅವಳ ಮುಖವನ್ನೇ ನೋಡಿದಳು. ಕುಷ್ಟ ತಾಂಡೇಲರು ಹತ್ತಿರ ಬಂದು ಬಗ್ಗಿದರು. "ನಿನ್ ಪಾಲ್ ನನ್ ತಲೆ ಮೇಲೆ ಅಕ್ಕಣಕ್ಕ. ಇವ್ರೆಲ್ಲರ ಪಾಲೂ ನನ್ ತಲೆ ಮೇಲೆ. ಬಾಕಿ ನಂದ್."

"ನಿನ್ ತಲೆ ಎಷ್ಟ್ ದೊಡ್ಡದ್ ಮಾರಾಯ, ಇಷ್ಟ್ ಜನರ ಬುಟ್ಟಿ ಹೊರೂಕೆ," ಎಂದಳು ಮುದುಕಿ. ಎದ್ದಳು. ಮರಳು ಕೊಡವಿದಳು. ಗೂಟದ ಹಗ್ಗವನ್ನು ತಾನೇ ಬಿಚ್ಚತೊಡಗಿದಳು. "ಎಂತ ಕಾಂತ್ರಿ ಎಲ್ಲಾ? ಹಗ್ಗ ಹಿಡೀನಿ!"

ದೋಣಿಯಲ್ಲಿದ್ದ ಜಲಜಳ ಗಂಡ ದಿವಾಕರನಿಗೆ ತಂದೆಯ ಕೂಗು ಮಂಜನ್ನು ಸೀಳಿಕೊಂಡು ಹೋಯಿತು: "ಮಗಾ, ಪಡುಬದಿ ಹೊಲಿಗೆ ಬಿಚ್ಚ್! ಬಾಯಿ ತೆಗಿ!"

ಬಲೆಯ ಎರಡು ತುಂಡು ಸೇರಿಸಿ ಹೊಲಿದ ಜಾಗ ಕಡಲ ಕಡೆಗಿತ್ತು. ದಿವಾಕರ ಅದರ ದಾರ ಕೊಯ್ದ. ಮೊದಲು ಏನೂ ಆಗಲಿಲ್ಲ. ಬಾಗಿಲು ತೆರೆದದ್ದು ಮೀನಿಗೆ ತಿಳಿಯಲಿಲ್ಲವೇನೋ. ಜಲಜ ಹಗ್ಗ ಹಿಡಿದು, ಬಂದರಿನ ಕಡೆ ಕಿವಿಯಿಟ್ಟು ನಿಂತಳು. ಯಂತ್ರದ ಗುಂಯ್ ಸದ್ದು ಇನ್ನೂ ಕೇಳುತ್ತಿತ್ತು. ಅದು ನಿಂತರೆ ಎಲ್ಲ ಮುಗಿಯಿತು.

ಆಗ ಒಂದು ಸದ್ದು ಎದ್ದಿತು. ದೂರದ ಗದ್ದೆಯ ಮೇಲೆ ಮಳೆ ನಡೆದು ಬರುವಾಗಿನ ಸದ್ದು. ಜನ ತಲೆಯೆತ್ತಿ ಆಕಾಶ ನೋಡಿದರು, ಮಳೆ ಇರಲಿಲ್ಲ. ಸದ್ದು ಬರುತ್ತಿದ್ದದ್ದು ನೀರಿನಿಂದ. ಒಂದು ಮೀನು ತಿರುಗಿತ್ತು. ಅದು ತಿರುಗಿದ್ದಕ್ಕೆ ಪಕ್ಕದ್ದು, ಅದರ ಪಕ್ಕದ್ದು, ಹೀಗೆ ಕೊಟ್ಟಿಗೆಯ ಮೀನೆಲ್ಲ ಒಂದೇ ಉಸಿರಿಗೆ ಮೈ ಹೊರಳಿಸಿತು. ಹೊರಳಿದಾಗ ಮಂಜಿನ ಒಳಗಿನಿಂದ ಬೆಳಕು ಹೊತ್ತಿದ ಹಾಗಾಯಿತು. ಬಿಳಿ ಮಂಜು ಬೆಳ್ಳಿಯಾಯಿತು, ಬೆಳ್ಳಿ ನೀಲಿಯಾಯಿತು, ಮತ್ತೆ ಬೆಳ್ಳಿಯಾಯಿತು. ಕೊಯ್ದ ಬಾಯಿಯಿಂದ ಬೈಗೆ ಹೊಳೆಯಾಗಿ ಹರಿಯತೊಡಗಿತು.

ಹರಿದದ್ದು ಹಡಗಿನ ಕೆಳಗೆ. ಅಷ್ಟು ದೊಡ್ಡ ಹಡಗಿನ ಕರಿ ಹೊಟ್ಟೆಯ ಮೇಲೆ ಕೆಳಗಿನಿಂದ ಮಿಂಚು ಆಡಿತು. ಹಡಗಿನ ಕಟಕಟೆಗೆ ಯಾವ್ಯಾವುದೋ ದೇಶದ ಖಲಾಸಿಗಳು ಓಡಿ ಬಂದು ಬಗ್ಗಿ ನೋಡಿದರು. ಒಬ್ಬ ತಲೆಯ ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡ. ಹಡಗಿನಾಚೆ, ಪರದೆಯಲ್ಲಿ ಮಲಗಿದ್ದ ಆ ಮಹಾ ಹಿಂಡು ಕೂಡ ಎಚ್ಚೆತ್ತಿರಬೇಕು. ಹೊರಟ ಮೀನನ್ನು ಸೇರಿಸಿಕೊಳ್ಳಲು ಬಾಗಿತು. ನೀರಿನ ಮೇಲ್ಮೈ ದಂಡೆಯಿಂದ ಬಾನಂಚಿನವರೆಗೆ ಕರಿದಾಗಿ, ನಡುಗಿ, ಒಂದು ಜೀವದ ಚರ್ಮದ ಹಾಗೆ ಸರಿಯಿತು. ಮರಳಕೋಡಿಯವರು ಕಡಲನ್ನು ಹುಟ್ಟಿನಿಂದ ನೋಡಿದವರು. ಕಡಲು ಹೊರಳಿದ್ದನ್ನು ನೋಡಿರಲಿಲ್ಲ. ಬಾಗಿ ಯಾವಾಗ ಬಂದು ಸಾಲಿಗೆ ಸೇರಿದ್ದಳೋ, ಅವಳ ಎರಡು ಕೈಯೂ ಹಗ್ಗದ ಮೇಲಿದ್ದವು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ಎಳೀನಿ!" ಎಂದು ಅಕ್ಕಣಿ ಕಿರುಚಿದಳು.

ಎಲ್ಲರಿಗೂ ಆಗ ನೆನಪಾಯಿತು. ಎಳೆದರು. ಹಗುರಾದ ಬಲೆ ಒಮ್ಮೆ ಬಿಗಿದು, ಎರಡು ಸಲ ಬಿಗಿದು, ನೀರಿನಡಿಯಲ್ಲಿ ಎಲ್ಲೋ ಜಾಲರಿಯಿಂದ ಕಿತ್ತು ಬಂತು. ಸಾಲಿನವರೆಲ್ಲ ಒಬ್ಬರ ಮೇಲೊಬ್ಬರು ಅಂಗಾತ ಬಿದ್ದರು. ಜಲಜ ಮರಳಲ್ಲಿ ಬಿದ್ದಲ್ಲಿಂದಲೇ ಕಿವಿ ನಿಮಿರಿಸಿದಳು. ಯಂತ್ರದ ಗುಂಯ್ ಸದ್ದು ಒಂದು ಎಳೆ ಇಳಿಯಿತು. ಇಳಿದದ್ದು ಅಲ್ಲಿಗೇ ತಡೆದು, ಸದ್ದು ಮೆಲ್ಲಗೆ ಮೇಲೇರಿತು, ಏರಿ ಏರಿ ತನ್ನ ಹಿಂದಿನ ಮಟ್ಟಕ್ಕೆ ಬಂದು ನೆಲೆಯಾಯಿತು. ನಿಯಂತ್ರಣ ಕೊಠಡಿಯ ಗಾಜಿನ ಹಿಂದೆ ಒಬ್ಬ ಮನುಷ್ಯ ಎರಡು ಕೈಯನ್ನೂ ಎತ್ತಿ ನಿಂತದ್ದು ಮಂಜಿನ ಮೇಲಿಂದ ಸಣ್ಣಗೆ ಕಂಡಿತು.

*

ಆಮೇಲೆ ಹೀರುಬಾಯಿಯ ಸುತ್ತ ಬಲೆ ಸುಳಿಯದ ಹಾಗೆ ಬಂದರಿನವರು ಬೇಲಿ ಕಟ್ಟಿದರು. ಅದಕ್ಕೆ ಗೂಟ ಹೊಡೆಯಲು ಮರಳಕೋಡಿಯವರೇ ಹೋದರು. ಯಂತ್ರ ನಿಂತಿರಲಿಲ್ಲ, ಹಾಗಾಗಿ ಒಡೆಯರಿಗೆ ಹೇಳಲು ಏನೂ ಇರಲಿಲ್ಲ. ತಂಪು ಒಸರುತ್ತಲೇ ಇತ್ತು. ಮಹಾ ಹಿಂಡು ಮಾತ್ರ ಹೋದದ್ದು ಹೋಯಿತು. ಬೈಗೆ ಸಿಗುತ್ತಿತ್ತು, ಒಮ್ಮೊಮ್ಮೆ ಎರಡು ಬುಟ್ಟಿ, ಒಮ್ಮೊಮ್ಮೆ ಹತ್ತು. ಕುಷ್ಟ ತಾಂಡೇಲರು ಬಲೆ ಬಂದಾಗಲೆಲ್ಲ ತಮ್ಮ ಪಾಲನ್ನು ತೆಗೆದಿಟ್ಟು, ಮೀನು ಬಿಟ್ಟ ದಿನ ಬರಿಗೈಯಲ್ಲಿ ಹೋದವರ ಮನೆಗೆ ಮುಟ್ಟಿಸಿ ಬರುತ್ತಿದ್ದರು. ಮನೆಯಲ್ಲಿ ಬಾಗಿ ಒಣಮೀನಿನ ಚಟ್ನಿ ಮಾಡುತ್ತಿದ್ದಳು, ಗೊಣಗುತ್ತಿರಲಿಲ್ಲ.

ನವರಾತ್ರಿಯ ಹೊತ್ತಿಗೆ ಉಳಿದದ್ದು ಅಕ್ಕಣಿಯೊಬ್ಬಳ ಬಾಕಿ. ಅವತ್ತು ಬಿದ್ದ ಬೈಗೆಯಲ್ಲಿ ದಪ್ಪ ದಪ್ಪನೆಯದನ್ನು ಆರಿಸಿ ಬುಟ್ಟಿ ತುಂಬಿ, ಅವರು ಜಲಜಳನ್ನೂ ಕರೆದುಕೊಂಡು ತೆಂಕಕೇರಿಗೆ ಹೋದರು. ಅಕ್ಕಣಿ ಅಂಗಳದಲ್ಲಿ ಮಗಳ ಜೊತೆ ತೆಂಗಿನ ಗರಿ ಹೆಣೆಯುತ್ತಿದ್ದಳು.

"ಬನಿ ಬನಿ. ಬುಟ್ಟಿಯಂಗೆ ಎಂತ?"

"ನಿನ್ ಪಾಲ್ ಅಕ್ಕಣಕ್ಕ. ಅವತ್ತಿಂದ್."

ಮುದುಕಿ ಬುಟ್ಟಿಯ ಮೇಲಿನ ಎಲೆ ಸರಿಸಿ ನೋಡಿದಳು. ಒಂದು ಮೀನನ್ನು ಎತ್ತಿ, ಹೊಟ್ಟೆ ಒತ್ತಿ, ಕಿವಿರು ನೋಡಿ, ತಿರುಗಿ ಇಟ್ಟಳು. ಎಲೆ ಮುಚ್ಚಿದಳು.

"ಗಟ್ಟಿ ಮೀನ್. ತಿರ್ಗ್ ತಕಂಡ್ ಹೋಯ್ನಿ."

"ಯಂತಕ್ಕೆ? ಕಮ್ಮಿ ಆಯ್ತಾ?"

"ಕಮ್ಮಿ ಅಲ್ಲ. ಇದನ್ ತಕಂಡ್ರೆ ಬಾಕಿ ತೀರಿತಲ್ದಾ? ತೀರೂದ್ ಬ್ಯಾಡ." ಅಕ್ಕಣಿ ಗರಿಯ ಎಸಳನ್ನು ಮಡಚುತ್ತ ಜಲಜಳ ಕಡೆ ನೋಡಿದಳು. "ಅವತ್ತ್ ನಿನ್ನ ಕೇಂಡೆ, ಮತ್ತೆ ಬತ್ತಾ ಅಂದೇಳಿ. ಗೊತ್ತಿಲ್ಲ ಅಂದೆ. ನೀ ಹೌದಂದಿದ್ರೆ ನಾ ಏಳ್ತಿರ್ಲಿಲ್ಲ ಹೆಣೆ. ಗೊತ್ತಿಲ್ದ್ ಮೇಲೆ ಎಂತ ಮಾಡೂದ್? ಬಾಕಿ ಇಟ್ಕಂಬುದ್. ನಿನ್ ಮಾವ ಕೊಡ್ಕ್. ಮಾವ ಹೋರೆ ನಿನ್ ಗಂಡ ಕೊಡ್ಕ್. ನಾ ಹೋರೆ ನನ್ ಮಗ್ಳಿಗ್ ಕೊಡ್ಕ್. ಕೊಡೂಕೆ ಆ ಮೀನೇ ಬರ್ಕ್. ಅದ್ ಬರೂಕೆ ತಂಪ್ ಇರ್ಕ್. ಅದನ್ ಕಾಂಬುದ್ ನಿನ್ ಕೆಲ್ಸ."

ಕುಷ್ಟ ತಾಂಡೇಲರು ಬುಟ್ಟಿಯನ್ನು ಮತ್ತೆ ಅವಳ ಕಡೆ ಸರಿಸಿದರು. ಸಾಲ ಇಟ್ಟುಕೊಂಡು ಬದುಕಿದ ಮನುಷ್ಯನಲ್ಲ ಅವರು. "ಊರವ್ರ್ ಎಂತ ಹೇಳ್ತ್ರ್ ಅಕ್ಕಣಕ್ಕ, ತಾಂಡೇಲ ಒಂದ್ ಪಾಲ್ ಕೊಡೂಕಾಯ್ದೆ ಇಟ್ಕಂಡ ಅಂತ್ರ್," ಎಂದರು.

"ಒಂದಾ?" ಅಕ್ಕಣಿ ಗರಿ ಕೆಳಗಿಟ್ಟಳು. "ಎಂತ ತಾಂಡೇಲನಾ ನೀ? ಮೊದಲ್ನೇ ದಿನ ತುಂಬಿದ್ ಬಲೆ ನಾ ಎಳ್ದೆ. ಮಾರ್ನೇ ದಿನ ಖಾಲಿ ಬಲೆ ಎಳ್ದೆ. ಖಾಲಿ ಆರೂ ಎಳ್ದದ್ ಎಳ್ದದ್ದೇ ಅಲ್ದಾ? ಎರಡ್ ಪಾಲ್ ಅದ್!"

ಅಕ್ಕಣಿಯ ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಜಲಜಳಿಗೆ ನಗು ತಡೆಯಲಾಗಲಿಲ್ಲ. ಕುಷ್ಟ ತಾಂಡೇಲರು ತಾವೂ ನಕ್ಕು, ತುಂಬಿದ ಬುಟ್ಟಿಯನ್ನು ಹೊತ್ತುಕೊಂಡು ಅಂಗಳ ಇಳಿದರು.

"ಎರಡ್!" ಎಂದು ಅಕ್ಕಣಿ ಹಿಂದಿನಿಂದ ಕೂಗಿದಳು. "ಮರೀಬೇಡಿ ಕಾಣಿ!"

"ಆಯ್ತ್ ಮಾರಾಯ್ತಿ, ಎರಡ್," ಎಂದು ಅವರು ತಿರುಗಿ ಕೂಗಿದರು.